13, 14, 15: ಬಾಸ್ಟನ್ ಬ್ರೂಯಿನ್ಸ್ ಅಭಿಮಾನಿಗಳ ಮುಗಿಯದ ಲೆಕ್ಕ

ಅಮೆರಿಕದ ಐಸ್ ಹಾಕಿ ತಂಡ ಬಾಸ್ಟನ್ ಬ್ರೂಯಿನ್ಸ್‌ನ ಅಭಿಮಾನಿ ಯಾರಾದರೂ ಸಿಕ್ಕರೆ ಸುಮ್ನೆ '2015ರ ಡ್ರಾಫ್ಟ್' ಅಂತ ಒಂದು ಮಾತು ಎತ್ತಿ ನೋಡಿ. ಮರುಕ್ಷಣವೇ ಮೂರು ಹೆಸರು ಬರುತ್ತವೆ: ಬಾರ್ಜಲ್, ಕಾನರ್, ಶಬಾಟ್. ಮೂವರೂ ಬ್ರೂಯಿನ್ಸ್ ಪರ ಒಂದು ಪಂದ್ಯವನ್ನೂ ಆಡಿದವರಲ್ಲ. ಕೈ ತಪ್ಪಿದವರು. ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುವುದು. ಬ್ರೂಯಿನ್ಸ್‌ಗೆ ಆ ವರ್ಷ 13, 14, 15ನೇ ಸರದಿಗಳು ಸಾಲಾಗಿ ಸಿಕ್ಕಿದ್ದವು. ಈ ಮೂವರು ಹೋಗಿದ್ದು 16, 17, 18ರಲ್ಲಿ. ಹತ್ತು ವರ್ಷ ಕಳೆದರೂ ಆ ಹೊಟ್ಟೆಯುರಿ ಆರಿಲ್ಲ.

ನಮ್ಮಲ್ಲಿ ಕೆ.ಎಲ್. ರಾಹುಲ್ ಅವರನ್ನು ಆರ್‌ಸಿಬಿ ಬಿಟ್ಟುಕೊಟ್ಟಿದ್ದನ್ನು ನೆನೆದು ಕೈ ಹಿಸುಕಿಕೊಳ್ಳುವವರು ಇದ್ದಾರಲ್ವಾ, ಇದೂ ಅಂಥದ್ದೇ ಸಂಕಟ. ಆದರೆ ಒಂದು ವ್ಯತ್ಯಾಸ ಇದೆ. ರಾಹುಲ್ ಯಾರು ಅಂತ ಬಿಡುವಾಗ ಎಲ್ಲರಿಗೂ ಗೊತ್ತಿತ್ತು. ಹಾಕಿ ಡ್ರಾಫ್ಟ್‌ನಲ್ಲಿ ಆರಿಸುವುದು ಹದಿನೆಂಟರ ಹುಡುಗರನ್ನು. ಅವರು ಏನಾಗುತ್ತಾರೆ ಅಂತ ಆ ರಾತ್ರಿ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಹಾಗಾದರೆ ವರ್ಷಗಳ ನಂತರ ಹಿಂತಿರುಗಿ ನೋಡಿ 'ತಪ್ಪು ಮಾಡಿದರು' ಅನ್ನುವುದು ಎಷ್ಟು ನ್ಯಾಯ? ಬ್ರೂಯಿನ್ಸ್ ಕಥೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು ವ್ಯವಸ್ಥೆ ಹೇಗಿದೆ ಅಂತ ತಿಳಿದುಕೊಳ್ಳೋಣ. ಇದು ಕೊಡಗಿನ ಮೈದಾನದ ಹಾಕಿ ಅಲ್ಲ, ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್. ಪ್ರತಿ ಬೇಸಿಗೆಯಲ್ಲಿ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುತ್ತವೆ. ಐಪಿಎಲ್ ಹರಾಜಿನ ಹಾಗೆ ಯಾರು ಜಾಸ್ತಿ ದುಡ್ಡು ಕೂಗಿದರೋ ಅವರಿಗೆ ಅನ್ನುವ ಲೆಕ್ಕ ಇಲ್ಲಿ ಇಲ್ಲ. ಹೆಚ್ಚು ಸೋತ ತಂಡಕ್ಕೆ ಮೊದಲ ಸಾಲಿನಲ್ಲಿ ಜಾಗ, ಕಪ್ ಗೆದ್ದವರಿಗೆ ಕೊನೆಯಲ್ಲಿ. ತುದಿಯ ಒಂದೆರಡು ಸ್ಥಾನಕ್ಕೆ ಮಾತ್ರ ಲಾಟರಿ ಎತ್ತುತ್ತಾರೆ, ಬೇಕಂತಲೇ ಸೋಲುವವರಿಗೆ ಅದು ಪೂರ್ತಿ ಲಾಭ ಆಗದಿರಲಿ ಅಂತ. ಒಟ್ಟು ಏಳು ಸುತ್ತು. 2015ರಲ್ಲಿ 30 ತಂಡಗಳು ಸೇರಿ 211 ಹುಡುಗರನ್ನು ಆರಿಸಿದವು.

ಆರಿಸಿದ ಮಾತ್ರಕ್ಕೆ ಹುಡುಗ ತಂಡದಲ್ಲಿ ಆಡುವುದಿಲ್ಲ. ತಂಡಕ್ಕೆ ಸಿಗುವುದು ಅವನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಅಷ್ಟೇ. ಅವನು ಮತ್ತೆ ಜೂನಿಯರ್ ಲೀಗ್‌ಗೋ ಕಾಲೇಜಿಗೋ ಯುರೋಪಿಗೋ ಹೋಗಿ ಒಂದೆರಡು ವರ್ಷ ಆಡುತ್ತಾನೆ. ಆಮೇಲೆ ಸಾಮಾನ್ಯವಾಗಿ ಎರಡನೇ ದರ್ಜೆಯ ಎಎಚ್‌ಎಲ್ ಲೀಗ್. ಬ್ರೂಯಿನ್ಸ್‌ಗೆ ಅಲ್ಲಿರುವ ತಂಡ ಪ್ರಾವಿಡೆನ್ಸ್ ಊರಿನದು. ಅಲ್ಲಿ ಪಳಗಿದ ಮೇಲೆ ಮೇಲಿನ ತಂಡಕ್ಕೆ ಕರೆ. ಈ ದಾರಿಯಲ್ಲಿರುವ ಹುಡುಗನನ್ನೇ 'ಪ್ರಾಸ್ಪೆಕ್ಟ್' ಅನ್ನುವುದು. ಈ ದಾರಿ ಮುಗಿಯೋಕೆ ನಾಲ್ಕೈದು ವರ್ಷ ಹಿಡಿಯುವುದು ಮಾಮೂಲು. ಡಿಫೆನ್ಸ್ ಆಟಗಾರರಿಗೂ ಗೋಲಿಗಳಿಗೂ (ಅಂದರೆ ಗೋಲ್‌ಕೀಪರ್‌ಗಳಿಗೂ) ಇನ್ನೂ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ: ಸರದಿಯನ್ನೇ ಮಾರಬಹುದು. ಒಬ್ಬ ಆಟಗಾರನನ್ನು ಕೊಟ್ಟು ಬೇರೆ ತಂಡದ ಸರದಿ ಪಡೆಯಬಹುದು. ಬ್ರೂಯಿನ್ಸ್‌ಗೆ ಮೂರು ಸರದಿ ಸಾಲಾಗಿ ಸಿಕ್ಕಿದ್ದು ಹೀಗೆಯೇ.

ಈಗ ಆ ವರ್ಷಕ್ಕೆ ಬರೋಣ. 2014-15ರಲ್ಲಿ ಬ್ರೂಯಿನ್ಸ್ 96 ಅಂಕ ಗಳಿಸಿಯೂ ಪ್ಲೇಆಫ್ ತಪ್ಪಿಸಿಕೊಂಡಿತು. 2011ರಲ್ಲಿ ಲೀಗ್‌ನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ್ದ ಜನರಲ್ ಮ್ಯಾನೇಜರ್ ಪೀಟರ್ ಶರೆಲಿ ಅವರನ್ನು ಮನೆಗೆ ಕಳಿಸಿದರು. ಅವರ ಜಾಗಕ್ಕೆ ಬಂದವರು ಡಾನ್ ಸ್ವೀನಿ, ಹಿಂದೆ ಇದೇ ತಂಡದ ಡಿಫೆನ್ಸ್ ಆಟಗಾರ. ಸ್ವೀನಿ ಕುರ್ಚಿಯಲ್ಲಿ ಕೂತು ಒಂದು ತಿಂಗಳ ಮೇಲೆ ಸ್ವಲ್ಪ ದಿನ ಆಗಿತ್ತು ಅಷ್ಟೇ. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿಯಲ್ಲಿ ತಂಡಕ್ಕೆ ಉಸಿರಾಡಲೂ ಜಾಗ ಇರಲಿಲ್ಲ.

ಜೂನ್ 26, ಡ್ರಾಫ್ಟ್ ದಿನ. ಜಾಗ ಫ್ಲಾರಿಡಾದ ಸನ್‌ರೈಸ್. ಆ ಒಂದೇ ದಿನ ಸ್ವೀನಿ ಇಬ್ಬರನ್ನು ಕೊಟ್ಟುಬಿಟ್ಟರು. 22ರ ಡಿಫೆನ್ಸ್ ಆಟಗಾರ ಡೂಗಿ ಹ್ಯಾಮಿಲ್ಟನ್ ಕ್ಯಾಲ್ಗರಿಗೆ ಹೋದ. ಬದಲಿಗೆ ಬಂದಿದ್ದು 15, 45 ಮತ್ತು 52ನೇ ಸರದಿ. ಅಭಿಮಾನಿಗಳ ಮುದ್ದಿನ ಜಗಳಗಂಟ ಮಿಲನ್ ಲೂಚಿಚ್ ಲಾಸ್ ಏಂಜಲಿಸ್‌ಗೆ ಹೋದ. ಅಲ್ಲಿಂದ 13ನೇ ಸರದಿ, ಗೋಲಿ ಮಾರ್ಟಿನ್ ಜೋನ್ಸ್ ಮತ್ತು ಕಾಲಿನ್ ಮಿಲ್ಲರ್ ಬಂದರು. 14ನೇ ಸರದಿ ಬ್ರೂಯಿನ್ಸ್‌ನದೇ ಸ್ವಂತದ್ದು.

ಈ ಸರದಿಗಳನ್ನೆಲ್ಲ ಒಟ್ಟು ಮಾಡಿ ಮೇಲಕ್ಕೆ ಜಿಗಿದು, ಬಾಸ್ಟನ್ ಪಕ್ಕದ ನಾರ್ವುಡ್ ಊರಿನ ನೋವಾ ಹ್ಯಾನಿಫಿನ್‌ನನ್ನು ಹಿಡಿಯುವ ಆಸೆ ಸ್ವೀನಿಗೆ ಇತ್ತು ಅಂತ ಆಗ ಸುದ್ದಿಯಾಗಿತ್ತು. ಅದು ಕೈಗೂಡಲಿಲ್ಲ. ಹ್ಯಾನಿಫಿನ್ 5ನೆಯವನಾಗಿ ಕ್ಯಾರೊಲಿನಾಗೆ ಹೋದ. (ತಮಾಷೆ ನೋಡಿ, ಮೂರು ವರ್ಷದ ಮೇಲೆ ಕ್ಯಾಲ್ಗರಿ ಮತ್ತು ಕ್ಯಾರೊಲಿನಾ ತಂಡಗಳು ಹ್ಯಾಮಿಲ್ಟನ್, ಹ್ಯಾನಿಫಿನ್ ಇಬ್ಬರನ್ನೂ ಅದಲು ಬದಲು ಮಾಡಿಕೊಂಡವು, ಜೊತೆಗೆ ಇನ್ನೂ ಮೂವರು.) ಸರಿ, ಮೂರು ಸರದಿ ಕೈಯಲ್ಲೇ ಉಳಿದವು. ಕೂತು ಆರಿಸಲೇಬೇಕಾಯಿತು.

13ರಲ್ಲಿ ಜಾಕುಬ್ ಜ್ಬೊರಿಲ್, ಚೆಕ್ ದೇಶದ ಡಿಫೆನ್ಸ್ ಆಟಗಾರ. 14ರಲ್ಲಿ ಜೇಕ್ ಡೆಬ್ರಸ್ಕ್, ಸ್ವಿಫ್ಟ್ ಕರೆಂಟ್ ತಂಡದ ಪರ ಆ ವರ್ಷ 42 ಗೋಲು ಹೊಡೆದಿದ್ದ ಫಾರ್ವರ್ಡ್. ಅವನ ಅಪ್ಪ ಲೂಯಿ ಕೂಡ ಎನ್‌ಎಚ್‌ಎಲ್ ಆಡಿದವರು. 15ರಲ್ಲಿ ಜಾಕರಿ ಸೆನಿಶನ್, ಸೂ ಸೇಂಟ್ ಮರಿ ಗ್ರೇಹೌಂಡ್ಸ್‌ನ ವೇಗದ ಹುಡುಗ, 26 ಗೋಲು. ಈ ಕೊನೆಯ ಹೆಸರು ಕೇಳಿದಾಗ ಬಹಳ ಜನ ಪಟ್ಟಿ ತಿರುವಿ ಹಾಕಿದರು. ಹೆಚ್ಚಿನವರು ಅವನನ್ನು ಎರಡನೇ ಸುತ್ತಿನ ಆಟಗಾರ ಅಂತಲೇ ಅಂದುಕೊಂಡಿದ್ದರು.

ತಕ್ಷಣ ಮುಂದಿನ ಸರದಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಮ್ಯಾಥ್ಯೂ ಬಾರ್ಜಲ್‌ನನ್ನು ಎತ್ತಿಕೊಂಡಿತು. ವಿನ್ನಿಪೆಗ್ ಕೈಲ್ ಕಾನರ್‌ನನ್ನು. ಒಟ್ಟಾವಾ ಥಾಮಸ್ ಶಬಾಟ್‌ನನ್ನು. ಬಾರ್ಜಲ್ 2017-18ರಲ್ಲಿ 85 ಅಂಕ (ಆಟಗಾರನ ಲೆಕ್ಕದಲ್ಲಿ ಅಂಕ ಅಂದರೆ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿ ಆ ವರ್ಷದ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ. ಕಾನರ್ 2021-22ರಲ್ಲಿ 47 ಗೋಲು ಹೊಡೆದ. ಶಬಾಟ್ ಒಟ್ಟಾವಾದ ಡಿಫೆನ್ಸ್‌ಗೆ ಬೆನ್ನೆಲುಬಾದ.

ಇತ್ತ ಸೆನಿಶನ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು 16 ಪಂದ್ಯ. ಜ್ಬೊರಿಲ್ 76.

ಇಷ್ಟು ಓದಿದರೆ ಯಾರಿಗಾದರೂ 'ಛೇ, ಇಂಥ ದಡ್ಡತನವೇ' ಅನ್ನಿಸುತ್ತೆ. ಅಭಿಮಾನಿಗಳು ಮಾಡುವ ಲೆಕ್ಕವೂ ಇದೇ: ನಮ್ಮ ಮೂವರು ಒಂದು ಕಡೆ, ಅವರ ಮೂವರು ಇನ್ನೊಂದು ಕಡೆ. ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಆ ರಾತ್ರಿ ಬ್ರೂಯಿನ್ಸ್ ಮುಂದೆ ಇದ್ದಿದ್ದು ಎರಡು ಕಟ್ಟುಗಳಲ್ಲ. ಇನ್ನೂ ಆಯ್ಕೆಯಾಗದ ನೂರಾರು ಹೆಸರು. ಹುಡುಗರ ಆಟ ನೋಡಿ ಅಳೆಯುವ ಸ್ಕೌಟ್‌ಗಳಲ್ಲಿ ಜಗತ್ತಿನ ಅತ್ಯಂತ ಜಾಣನೇ ಕೂತಿದ್ದರೂ ಸರಿಯಾಗಿ ಬಾರ್ಜಲ್, ಕಾನರ್, ಶಬಾಟ್ ಮೂವರನ್ನೂ ಒಟ್ಟಿಗೆ ಆರಿಸುತ್ತಿದ್ದನಾ? ಅನುಮಾನ. ಬಾರ್ಜಲ್‌ನನ್ನು ಬಿಟ್ಟಿದ್ದು ಬ್ರೂಯಿನ್ಸ್ ಒಂದೇ ಅಲ್ಲ. ಅದಕ್ಕಿಂತ ಮೊದಲು ಹನ್ನೆರಡು ತಂಡಗಳು ಅವನನ್ನು ದಾಟಿ ಹೋಗಿದ್ದವು. ಆ ಸೀಸನ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಅವನು ಸಿಯಾಟಲ್ ಜೂನಿಯರ್ ತಂಡದ ಪರ ಆಡಿದ್ದು ಬರೀ 44 ಪಂದ್ಯ. ಆ 44ರಲ್ಲೇ 57 ಅಂಕ ಗಳಿಸಿದ್ದ ಅನ್ನುವುದೂ ನಿಜ.

ಇನ್ನೂ ಕೆಳಗೆ ಹೋದರೆ ಈ ಮಾತು ಸ್ಪಷ್ಟವಾಗುತ್ತೆ. ಸೆಬಾಸ್ಟಿಯನ್ ಆಹೊ 35ನೆಯವನು. ಕಿರಿಲ್ ಕಪ್ರಿಜೊವ್ 135ನೆಯವನು, ಐದನೇ ಸುತ್ತು. ಇವತ್ತು 2015ರ ಡ್ರಾಫ್ಟ್ ಮತ್ತೆ ಮಾಡಿದರೆ ಕಪ್ರಿಜೊವ್ ಮೊದಲ ಐದರೊಳಗೆ ಹೋಗುತ್ತಾನೆ. ಅವನನ್ನು ಲೀಗ್‌ನ ಪ್ರತಿ ತಂಡವೂ ಮತ್ತೆ ಮತ್ತೆ ಬಿಟ್ಟಿತ್ತು, ಕೊನೆಗೆ ಆರಿಸಿದ ಮಿನೆಸೋಟಾ ಕೂಡ. ಎಲ್ಲರೂ ತಪ್ಪಿದ ಕಡೆ ಒಬ್ಬರನ್ನು ಹಿಡಿದು ಬೈಯುವುದರಲ್ಲಿ ಅರ್ಥ ಇಲ್ಲ. ಬ್ರೂಯಿನ್ಸ್‌ನವರೇ ಇದರ ಲಾಭವನ್ನೂ ಉಂಡಿದ್ದಾರೆ ಅನ್ನೋದು ಮರೆಯಬಾರದು. 2011ರ ಕಪ್ ಗೆದ್ದ ತಂಡದ ಬರ್ಜರಾನ್ 45ನೆಯವನು, ಕ್ರೇಚಿ 63ನೆಯವನು, ಮಾರ್ಶಾಂಡ್ 71ನೆಯವನು. ಆಗ ಬೇರೆ ತಂಡಗಳ ಅಭಿಮಾನಿಗಳು ತಲೆ ಚಚ್ಚಿಕೊಂಡರು.

ಆದ್ದರಿಂದ ಹಿಂದಿನ ಆಯ್ಕೆಯನ್ನು ತೂಗುವಾಗ ಕೇಳಬೇಕಾದ ಪ್ರಶ್ನೆ 'ಆಮೇಲೆ ಯಾರು ದೊಡ್ಡವರಾದರು' ಅನ್ನೋದಲ್ಲ. 'ಆ ರಾತ್ರಿ ಏನು ಗೊತ್ತಿತ್ತು' ಅನ್ನೋದು. ಈ ಪ್ರಶ್ನೆಯನ್ನು ಮೂವರ ಮೇಲೂ ಬೇರೆ ಬೇರೆಯಾಗಿ ಇಟ್ಟರೆ ಮೂರು ಬೇರೆ ಬೇರೆ ಉತ್ತರ ಬರುತ್ತೆ.

ಡೆಬ್ರಸ್ಕ್ ಒಳ್ಳೆಯ ಆಯ್ಕೆ. ಮುಲಾಜಿಲ್ಲದೆ ಹೇಳಬಹುದು. ಬಾಸ್ಟನ್ ಪರ 465 ಪಂದ್ಯ, 138 ಗೋಲು. 14ನೇ ಸ್ಥಾನದಲ್ಲಿ ಸಿಕ್ಕ ಹುಡುಗನಿಂದ ಇದಕ್ಕಿಂತ ಜಾಸ್ತಿ ಬಯಸುವುದು ದುರಾಸೆ. 2018ರ ಏಪ್ರಿಲ್‌ನಲ್ಲಿ ಟೊರಾಂಟೊ ವಿರುದ್ಧದ ಪ್ಲೇಆಫ್ ಸರಣಿಯ ಕೊನೆಯ, ಏಳನೇ ಪಂದ್ಯ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೇ ಅವಧಿ ಮುಗಿದಾಗ ಬ್ರೂಯಿನ್ಸ್ 3-4ರಿಂದ ಹಿಂದೆ. ಮೂರನೇ ಅವಧಿ ಶುರುವಾಗುತ್ತಲೇ ಟೋರಿ ಕ್ರುಗ್ ಸಮ ಮಾಡಿದ. ಆಮೇಲೆ ಡೆಬ್ರಸ್ಕ್ ಬಲಗಡೆಯಿಂದ ನುಗ್ಗಿ, ಡಿಫೆನ್ಸ್‌ನ ಜೇಕ್ ಗಾರ್ಡಿನರ್‌ನನ್ನು ದಾಟಿ ಗೋಲು ಹೊಡೆದ. ಅವತ್ತಿನ ಅವನ ಎರಡನೇ ಗೋಲು. ಅಲ್ಲಿಂದ ತಂಡ ಹಿಂತಿರುಗಿ ನೋಡಲಿಲ್ಲ, 7-4. ಮೊದಲ ವರ್ಷದ ಹುಡುಗ ಅವನು ಆಗ. ನಡುವೆ ಕೋಚ್ ಜೊತೆ ಸರಿ ಹೋಗದೆ 'ನನ್ನನ್ನು ಬೇರೆ ತಂಡಕ್ಕೆ ಕಳಿಸಿ' ಅಂತ ಕೇಳಿದ್ದೂ ಆಯ್ತು, ಆಮೇಲೆ ಆ ಮಾತು ವಾಪಸ್ ತಗೊಂಡಿದ್ದೂ ಆಯ್ತು. 2023ರ ಹೊಸ ವರ್ಷದಲ್ಲಿ ಫೆನ್‌ವೇ ಪಾರ್ಕ್‌ನ ಬಯಲು ಪಂದ್ಯದಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ತಂಡದ ಎರಡೂ ಗೋಲು ಅವನದೇ. 2024ರಲ್ಲಿ ವ್ಯಾಂಕೂವರ್‌ಗೆ ಹೋದ. ಬಾರ್ಜಲ್‌ನಷ್ಟು ದೊಡ್ಡವನಾಗಲಿಲ್ಲ ಅಂತ ಅವನನ್ನು ದಂಡದ ಪಟ್ಟಿಗೆ ಸೇರಿಸುವುದು ಅನ್ಯಾಯ.

ಜ್ಬೊರಿಲ್ ವಿಷಯ ಸ್ವಲ್ಪ ಸೂಕ್ಷ್ಮ. ಅವನನ್ನು ಆ ಜಾಗದಲ್ಲಿ ಆರಿಸಿದ್ದಕ್ಕೆ ಆಗ ಯಾರೂ ಹುಬ್ಬೇರಿಸಲಿಲ್ಲ. ಕುತೂಹಲದ ಸಂಗತಿ ಬೇರೆ ಇದೆ: ಜ್ಬೊರಿಲ್ ಮತ್ತು ಶಬಾಟ್ ಇಬ್ಬರೂ ಒಂದೇ ಜೂನಿಯರ್ ತಂಡದವರು. ಸೇಂಟ್ ಜಾನ್ ಸೀ ಡಾಗ್ಸ್. ಅಂದರೆ ಜ್ಬೊರಿಲ್‌ನನ್ನು ನೋಡೋಕೆ ಹೋದ ಸ್ಕೌಟ್ ಅದೇ ರಾತ್ರಿ ಶಬಾಟ್‌ನನ್ನೂ ನೋಡಿರಲೇಬೇಕು. ಒಂದೇ ಐಸ್, ಒಂದೇ ಕೋಚ್, ಒಂದೇ ಎದುರಾಳಿ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಸಿಗುತ್ತೆ? ಹಾಗಾಗಿ ಇಲ್ಲಿ ಸ್ಕೌಟ್‌ಗಳ ಕಣ್ಣನ್ನು ಪ್ರಶ್ನಿಸುವುದು ಸರಿ. ಆದರೆ ನಂತರ ಆಗಿದ್ದಕ್ಕೆಲ್ಲ ಅವರನ್ನೇ ಹೊಣೆ ಮಾಡುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ, ಇನ್ನೇನು ತಂಡದಲ್ಲಿ ಕಾಲೂರುತ್ತಿದ್ದಾನೆ ಅನ್ನುವಾಗ, ಜ್ಬೊರಿಲ್‌ನ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಸೀಸನ್ ಅಲ್ಲಿಗೇ ಮುಗಿಯಿತು. ಹದಿನೆಂಟರ ಹುಡುಗನನ್ನು ಆರಿಸುವಾಗ ಇದನ್ನು ಕಾಣುವ ಕನ್ನಡಕ ಯಾರ ಹತ್ತಿರವೂ ಇಲ್ಲ.

ಸೆನಿಶನ್ ಆಯ್ಕೆ ಮಾತ್ರ ಆ ರಾತ್ರಿಯೇ ತಪ್ಪು. ಅವನು ಆಮೇಲೆ ಏನಾದ ಅನ್ನುವುದಕ್ಕಲ್ಲ. ಮುಂದಿನ ವರ್ಷ ಜೂನಿಯರ್‌ನಲ್ಲಿ 45 ಗೋಲು ಹೊಡೆದಾಗ 'ನೋಡಿದ್ರಾ, ನಾವು ಹೇಳಿರಲಿಲ್ವಾ' ಅಂದ ಅಭಿಮಾನಿಗಳೂ ಇದ್ದರು. ತಪ್ಪು ಇರುವುದು ಬೇರೆ ಕಡೆ. ಎರಡನೇ ಸುತ್ತಿನಲ್ಲಿ ಸಿಗಬಹುದಾದ ಹುಡುಗನಿಗೆ 15ನೇ ಸರದಿ ಕೊಡಬಾರದು. ಅವನೇ ಬೇಕು ಅನ್ನಿಸಿದರೆ ಆ ಸರದಿಯನ್ನು ಕೆಳಗಿರುವ ತಂಡಕ್ಕೆ ಮಾರಿ, ಒಂದು ಹೆಚ್ಚುವರಿ ಸರದಿ ಕಟ್ಟಿಕೊಂಡು, ಕೆಳಗೆ ಇಳಿದು ಆರಿಸಬೇಕು. ಆಗ ಎದುರಿಗೇ ಕೂತಿದ್ದ ಕಾನರ್ ಯಾರು? ಯಂಗ್ಸ್‌ಟೌನ್ ತಂಡದ ಪರ 56 ಪಂದ್ಯದಲ್ಲಿ 80 ಅಂಕ ಗಳಿಸಿ, ಅಮೆರಿಕದ ಜೂನಿಯರ್ ಲೀಗ್‌ನ ವರ್ಷದ ಆಟಗಾರನಾದವನು. ಅದು ಗುಟ್ಟೇನಲ್ಲ. ಪೇಪರ್ ಓದುವ ಎಲ್ಲರಿಗೂ ಗೊತ್ತಿದ್ದ ವಿಷಯ.

ಅದೃಷ್ಟದ ವಾದ ಪೂರ್ತಿ ನಿಲ್ಲುವುದಿಲ್ಲ ಅನ್ನೋಕೆ ಇನ್ನೊಂದು ಕಾರಣ ಇದೆ. 16ರಿಂದ 25ರವರೆಗಿನ ಪಟ್ಟಿ ನೋಡಿ: ಬಾರ್ಜಲ್, ಕಾನರ್, ಶಬಾಟ್, ಎವ್ಗೆನಿ ಸ್ವೆಚ್ನಿಕೊವ್, ಯೂಯೆಲ್ ಎರಿಕ್ಸನ್ ಎಕ್, ಕಾಲಿನ್ ವೈಟ್, ಗೋಲಿ ಸ್ಯಾಮ್ಸೊನೊವ್, ಬ್ರಾಕ್ ಬೋಸರ್, ಟ್ರಾವಿಸ್ ಕೊನೆಕ್ನಿ, ಜ್ಯಾಕ್ ರೊಸ್ಲೊವಿಕ್. ಕಣ್ಣು ಮುಚ್ಚಿ ಮೂರು ಹೆಸರ ಮೇಲೆ ಬೆರಳಿಟ್ಟರೂ ಒಬ್ಬನಾದರೂ ದೊಡ್ಡ ಆಟಗಾರ ಸಿಗುವ ಸಂಭವವೇ ಹೆಚ್ಚು. ಬೇರೆ ವರ್ಷಗಳಲ್ಲಿ ಮೊದಲ ಸುತ್ತಿನ ನಡುಭಾಗ ಇಷ್ಟು ತುಂಬಿರುವುದು ಅಪರೂಪ. 2015 ಅಂಥ ಹುಲುಸಾದ ವರ್ಷ ಅಂತ ಆಗಲೇ ಎಲ್ಲರೂ ಹೇಳುತ್ತಿದ್ದರು. ಹುಲುಸಾದ ವರ್ಷದಲ್ಲಿ ಮೂರು ಸರದಿ ಇಟ್ಟುಕೊಂಡು ಒಬ್ಬನನ್ನಷ್ಟೇ ಗಿಟ್ಟಿಸಿದ್ದು, ಹಾಗಾಗಿ, ಬರೀ ದುರದೃಷ್ಟ ಅಲ್ಲ.

ನನ್ನ ಪ್ರಕಾರ ನಿಜವಾದ ನಷ್ಟ ಮೇಜಿನ ಮೇಲೆ ಆಗಿದ್ದಲ್ಲ, ಅದಕ್ಕೂ ಕೆಲವು ಗಂಟೆ ಮೊದಲು ಫೋನಿನಲ್ಲಿ ಆಗಿದ್ದು. ಹ್ಯಾಮಿಲ್ಟನ್‌ನನ್ನು ಕೊಟ್ಟಿದ್ದು. 22 ವರ್ಷ, ಹಿಂದಿನ ಸೀಸನ್‌ನಲ್ಲಿ 72 ಪಂದ್ಯದಲ್ಲಿ 42 ಅಂಕ. ಒಪ್ಪಂದದ ಮಾತುಕತೆ ಕುದುರದೆ ಅವನನ್ನು ಬಿಟ್ಟರು. ಬಂದ ಮೂರು ಸರದಿಗಳಲ್ಲಿ ಸೆನಿಶನ್, ಜಾಕೊಬ್ ಫೋರ್ಸ್‌ಬಾಕಾ ಕಾರ್ಲ್‌ಸನ್, ಜೆರೆಮಿ ಲೊಜಾನ್ ಸಿಕ್ಕರು. ಕೆಲಸಕ್ಕೆ ಬಂದವನು ಲೊಜಾನ್ ಒಬ್ಬನೇ. ಅವನನ್ನೂ 2021ರಲ್ಲಿ ಹೊಸ ತಂಡ ಸಿಯಾಟಲ್ ಎತ್ತಿಕೊಂಡು ಹೋಯಿತು. ಸಿದ್ಧ ಆಟಗಾರನನ್ನು ಕೊಟ್ಟು ಸಾಧ್ಯತೆಗಳನ್ನು ಕೊಂಡರೆ, ಆ ಸಾಧ್ಯತೆಗಳು ತುಂಬಾ ಚೆನ್ನಾಗಿ ಫಲಿಸಿದರೆ ಮಾತ್ರ ಲೆಕ್ಕ ಸರಿಹೋಗುವುದು. ಡೆಬ್ರಸ್ಕ್ ಮೇಲಿನ ಸಿಟ್ಟೂ ಜ್ಬೊರಿಲ್ ಮೇಲಿನ ಸಿಟ್ಟೂ ಅರ್ಧ ಹ್ಯಾಮಿಲ್ಟನ್ ಮೇಲಿನ ಸಿಟ್ಟೇ.

ಲೂಚಿಚ್ ಮಾರಾಟವನ್ನು ಇದೇ ರೀತಿ ಬಿಡಿಸಿದರೆ ಚಿತ್ರ ಬೇರೆ. ಜೋನ್ಸ್‌ನನ್ನು ಬ್ರೂಯಿನ್ಸ್ ನಾಲ್ಕೇ ದಿನದಲ್ಲಿ ಸ್ಯಾನ್ ಹೋಸೆಗೆ ಕೊಟ್ಟು ಶಾನ್ ಕುರಾಲಿಯನ್ನೂ 2016ರ ಮೊದಲ ಸುತ್ತಿನ ಸರದಿಯನ್ನೂ ಪಡೆಯಿತು. ಆ ಸರದಿಯಲ್ಲಿ ಟ್ರೆಂಟ್ ಫ್ರೆಡ್ರಿಕ್ ಬಂದ. ಕುರಾಲಿ 2019ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದ. ಲೂಚಿಚ್ ಲಾಸ್ ಏಂಜಲಿಸ್‌ನಲ್ಲಿ ಇದ್ದಿದ್ದೇ ಒಂದು ವರ್ಷ. ಜ್ಬೊರಿಲ್ ಕೈಕೊಟ್ಟರೂ ಆ ವ್ಯವಹಾರ ಬಾಸ್ಟನ್‌ಗೆ ಲಾಭದ್ದೇ. ಆಯ್ಕೆ ಕೆಟ್ಟಿದ್ದಕ್ಕೆ ವ್ಯವಹಾರವೂ ಕೆಟ್ಟಿತು ಅಂತ ಬಹಳ ಜನ ಸೇರಿಸಿ ಬೈಯುತ್ತಾರೆ, ಅದು ಸರಿಯಲ್ಲ.

ಅಂದಹಾಗೆ, ಬಾರ್ಜಲ್ ಹೋದ ಆ 16ನೇ ಸರದಿಯ ಕಥೆ ಕೇಳಿದರೆ ಬ್ರೂಯಿನ್ಸ್ ಅಭಿಮಾನಿಗಳಿಗೆ ಸ್ವಲ್ಪ ಸಮಾಧಾನ ಆಗಬಹುದು. ಅದು ಮೂಲದಲ್ಲಿ ಪಿಟ್ಸ್‌ಬರ್ಗ್‌ನದು. ಡೇವಿಡ್ ಪೆರಾನ್‌ಗಾಗಿ ಅವರು ಎಡ್ಮಂಟನ್‌ಗೆ ಕೊಟ್ಟಿದ್ದರು. ಎಡ್ಮಂಟನ್‌ನ ಹೊಸ ಮುಖ್ಯಸ್ಥ ಯಾರು? ಬಾಸ್ಟನ್ ಮನೆಗೆ ಕಳಿಸಿದ್ದ ಅದೇ ಶರೆಲಿ. ಅವರು ಡ್ರಾಫ್ಟ್ ದಿನ ಆ 16ನೇ ಸರದಿಯ ಜೊತೆ 33ನೆಯದನ್ನೂ ಸೇರಿಸಿ ಐಲ್ಯಾಂಡರ್ಸ್‌ಗೆ ಕೊಟ್ಟು ಗ್ರಿಫಿನ್ ರೈನ್‌ಹಾರ್ಟ್ ಅನ್ನುವ ಡಿಫೆನ್ಸ್ ಆಟಗಾರನನ್ನು ತಂದರು. ರೈನ್‌ಹಾರ್ಟ್ ಎಡ್ಮಂಟನ್ ಪರ ಆಡಿದ್ದು 29 ಪಂದ್ಯ. ಅದೇ ಸಂಜೆ ಈಗಿನ ದೊಡ್ಡ ತಾರೆ ಕಾನರ್ ಮೆಕ್‌ಡೇವಿಡ್‌ನನ್ನು ಮೊದಲ ಸರದಿಯಲ್ಲಿ ಪಡೆದ ತಂಡ ಅದು, 11.5 ಶೇಕಡಾ ಲಾಟರಿ ಅವಕಾಶದಲ್ಲಿ. ಮೆಕ್‌ಡೇವಿಡ್ ಪಕ್ಕದಲ್ಲಿ ಬಾರ್ಜಲ್ ಆಡುವುದನ್ನು ಊಹಿಸಿಕೊಂಡು ಎಡ್ಮಂಟನ್‌ನವರು ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ.

ತೀರ್ಪು ಯಾವಾಗ ಕೊಡಬೇಕು ಅನ್ನುವುದೂ ಮುಖ್ಯ. ಅದೇ ಡ್ರಾಫ್ಟ್‌ನ 3ನೆಯವನು ಡಿಲನ್ ಸ್ಟ್ರೋಮ್. ಅರಿಜೋನಾ ಅವನನ್ನು ಆರಿಸಿತು, ಮುಂದಿನ ಸರದಿಯಲ್ಲೇ ಟೊರಾಂಟೊಗೆ ಮಿಚ್ ಮಾರ್ನರ್ ಸಿಕ್ಕ. 2018ರಲ್ಲಿ ಅರಿಜೋನಾ ಸ್ಟ್ರೋಮ್‌ನನ್ನು ಶಿಕಾಗೊಗೆ ಸಾಗಹಾಕಿತು. ಆಗ ಅವನನ್ನು 'ಕೆಲಸಕ್ಕೆ ಬಾರದವನು' ಅಂದವರು ಎಷ್ಟೋ ಜನ. ಅವನು ವಾಷಿಂಗ್ಟನ್‌ಗೆ ಹೋಗಿ 2024-25ರಲ್ಲಿ 82 ಅಂಕ ಗಳಿಸಿದ. ಹುಡುಗ ಬದಲಾದನೋ, ಅವನನ್ನು ಆಡಿಸಿದ ರೀತಿ ಬದಲಾಯಿತೋ? ಎರಡೂ ಇರಬಹುದು. ಡ್ರಾಫ್ಟ್ ಬಗ್ಗೆ ಮಾತಾಡುವಾಗ ಅಭಿಮಾನಿಗಳು ಬೆಳೆಸುವ ಕೆಲಸವನ್ನು ಪೂರ್ತಿ ಮರೆತುಬಿಡುತ್ತಾರೆ. ಬಾರ್ಜಲ್ ಬಾಸ್ಟನ್‌ಗೆ ಬಂದಿದ್ದರೆ ಎರಡನೇ ವರ್ಷಕ್ಕೇ ದೊಡ್ಡ ಜವಾಬ್ದಾರಿ ಸಿಗುತ್ತಿತ್ತಾ? ಬರ್ಜರಾನ್, ಕ್ರೇಚಿ ಇಬ್ಬರೂ ಆ ಜಾಗದಲ್ಲಿ ಭದ್ರವಾಗಿ ಕೂತಿದ್ದರಲ್ಲ.

ಇನ್ನು ಅದೇ ಡ್ರಾಫ್ಟ್‌ನಲ್ಲಿ ಬ್ರೂಯಿನ್ಸ್ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಯಾರ ಬಾಯಲ್ಲೂ ಬರುವುದಿಲ್ಲ. 37ನೇ ಸರದಿಯ ಬ್ರಾಂಡನ್ ಕಾರ್ಲೊ. ಎತ್ತರದ, ಗಂಭೀರ ಸ್ವಭಾವದ ಡಿಫೆನ್ಸ್ ಆಟಗಾರ. ಗೋಲು ಹೊಡೆಯುವವನಲ್ಲ, ಹಾಗಾಗಿ ಸುದ್ದಿಯಲ್ಲೂ ಇಲ್ಲ. 2016ರಿಂದ 2025ರವರೆಗೆ ಬಾಸ್ಟನ್ ಡಿಫೆನ್ಸ್‌ನಲ್ಲಿ ಖಾಯಂ ಆಗಿದ್ದ. 65 ಪಂದ್ಯ ಗೆದ್ದು 135 ಅಂಕದ ಲೀಗ್ ದಾಖಲೆ ಮಾಡಿದ 2022-23ರ ತಂಡದಲ್ಲೂ ಅವನಿದ್ದ. ಹಾಗೆಯೇ ಒಂದು ವರ್ಷ ಹಿಂದೆ 25ನೇ ಸರದಿಯಲ್ಲಿ ಡೇವಿಡ್ ಪಾಸ್ಟರ್ನಾಕ್, ಒಂದು ವರ್ಷ ಮುಂದೆ 14ನೇ ಸರದಿಯಲ್ಲಿ ಚಾರ್ಲಿ ಮ್ಯಾಕವಾಯ್. ಮೂರು ವರ್ಷ ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನ ತಂಡಗಳು ಹೊಟ್ಟೆಕಿಚ್ಚು ಪಡುವ ಪಟ್ಟಿ ಇದು. ನಡುವಿನ ಒಂದು ರಾತ್ರಿಯನ್ನಷ್ಟೇ ಕತ್ತರಿಸಿ ತೆಗೆದರೆ ಮಾತ್ರ ದುರಂತ.

2025ರ ಮಾರ್ಚ್‌ನಲ್ಲಿ ಕಾರ್ಲೊನನ್ನೂ ಟೊರಾಂಟೊಗೆ ಕೊಟ್ಟರು. ಅಲ್ಲಿಗೆ 2015ರಲ್ಲಿ ಆರಿಸಿದ ಹುಡುಗರಲ್ಲಿ ಬಾಸ್ಟನ್‌ನಲ್ಲಿ ಯಾರೂ ಉಳಿಯಲಿಲ್ಲ. ಬದಲಿಗೆ ಬಂದವನು ಫ್ರೇಸರ್ ಮಿಂಟನ್ ಅನ್ನುವ ಇನ್ನೊಬ್ಬ ಪ್ರಾಸ್ಪೆಕ್ಟ್, ಜೊತೆಗೆ ಒಂದು ಮೊದಲ ಸುತ್ತಿನ ಸರದಿ. ಆ ಸೀಸನ್ ತಂಡ ತೀರಾ ಕೆಳಗೆ ಜಾರಿದ್ದರಿಂದ ಜೂನ್‌ನಲ್ಲಿ 7ನೇ ಸರದಿಯೂ ಕೈಗೆ ಬಂತು. ಅದರಲ್ಲಿ ಆರಿಸಿದ್ದು ಬಾಸ್ಟನ್ ಕಾಲೇಜಿನ ಜೇಮ್ಸ್ ಹೇಗನ್ಸ್‌ನನ್ನು. ಒಂದು ವರ್ಷ ಮೊದಲು ಮೊದಲ ಸರದಿಗೇ ಹೋಗುತ್ತಾನೆ ಅಂತ ಮಾತಿದ್ದ ಹುಡುಗ ಆರು ತಂಡಗಳನ್ನು ದಾಟಿ ಕೆಳಗೆ ಬಂದಿದ್ದ. ಅವನು ಏನಾಗುತ್ತಾನೆ ಅನ್ನೋಕೆ ಇನ್ನೂ ನಾಲ್ಕೈದು ವರ್ಷ ಬೇಕು. ಆದರೆ ಆ ರಾತ್ರಿ ಏನು ಗೊತ್ತಿತ್ತು ಅನ್ನುವ ಪ್ರಶ್ನೆಗೆ ಈ ಸಲ ಉತ್ತರ ಸಲೀಸು: ಪಟ್ಟಿಯಲ್ಲಿ ಮೇಲಿದ್ದವನು ಕೆಳಗೆ ಜಾರಿ ಬಂದ, ಸ್ವೀನಿ ಅವನನ್ನು ಬಿಡಲಿಲ್ಲ.